ಎರಡು ಯುಪಿಎಸ್, ಒಂದೇ ಸ್ವಿಚ್ಚು: ಕಾರ್ಖಾನೆಯ ಮಾಪಕಗಳಿಗೆ ಜೋಡಿ ವಿದ್ಯುತ್ ಪೂರೈಕೆ

ಲೆಕ್ಕಪತ್ರಗಳ ಪರಿಶೋಧನೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಾನು ವಿದ್ಯುತ್ತಿನ ವಿಷಯವಾಗಿ ಬರೆಯಲು ಹೊರಟಿರುವುದು ಓದುಗ ಉದ್ದಿಮೆದಾರರಲ್ಲಿ ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಈ ವಿಷಯ ನನಗೆ ಎದುರಾದದ್ದು ದಾಸ್ತಾನು ವಹಿಯ ಮೂಲಕವೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅರಿಶಿನದ ಜೊತೆಗೆ ಚೆಂಡು ಹೂವಿನ ಬೇಸಾಯವೂ ಬಹುಕಾಲದಿಂದ ನಡೆದುಬಂದಿದೆ. ತೆರಕಣಾಂಬಿಯ ಹಾದಿಯಲ್ಲಿ ಮಳೆಗಾಲದಲ್ಲಿ ಹೋದವರಿಗೆ ಆ ಹಳದಿ ಹೊಲಗಳ ಪರಿಚಯವಿದ್ದೇ ಇರುತ್ತದೆ. ಈ ಹೂವನ್ನು ಒಣಗಿಸಿ, ಗುಳಿಗೆಗಳನ್ನಾಗಿ ಮಾಡಿ, ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು ಬಣ್ಣದ ಸತ್ವವನ್ನು ತೆಗೆಯುತ್ತಾರೆ. ಬಳಿಕ ದ್ರಾವಕವನ್ನು ಉಗಿಯ ಶಾಖದಿಂದ ಆವಿಯಾಗಿಸಿ, ತಣ್ಣೀರು ಹರಿಯುವ ಕಂಡೆನ್ಸರಿನಲ್ಲಿ ಮತ್ತೆ ದ್ರವವನ್ನಾಗಿಸಿ, ಮರಳಿ ಬಳಸುತ್ತಾರೆ. ಹೀಗೆ ಮರಳಿ ಬರುವ ಪ್ರಮಾಣವೇ ಈ ಉದ್ಯಮದ ಲಾಭನಷ್ಟವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಇಂತಹ ಒಂದು ಘಟಕದ ಲೆಕ್ಕ ನೋಡುತ್ತಿದ್ದಾಗ (ಘಟಕದ ಹೆಸರು ಇಲ್ಲಿ ಅಪ್ರಸ್ತುತ) ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹೆಕ್ಸೇನ್ ಕೊರತೆ ಉಳಿದ ತಿಂಗಳುಗಳಿಗಿಂತ ಗಣನೀಯವಾಗಿ ಹೆಚ್ಚಿದ್ದುದು ಕಣ್ಣಿಗೆ ಬಿತ್ತು. ಮಾಲೀಕರು ಬೇಸಿಗೆಯ ಬಿಸಿಲನ್ನು ಕಾರಣವಾಗಿ ಹೇಳಿದರು. ಅದು ಭಾಗಶಃ ಸತ್ಯವೂ ಹೌದು. ಹೆಕ್ಸೇನ್ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ, ಸುಲಭವಾಗಿ ಹಾರಿಹೋಗುವ ವಸ್ತು. ಆದರೆ ಮಾರ್ಚಿಯ ಬಿಸಿಲಿಗೆ ಹಾರದ ದ್ರಾವಕ ಏಪ್ರಿಲ್ ಮಳೆಗೆ ಹಾರಿದ್ದೇಕೆ ಎಂಬ ಸಂಶಯ ಉಳಿಯಿತು. ಡೀಸೆಲ್ ಖರ್ಚಿನ ತಾಳೆಗಾಗಿ ತರಿಸಿಕೊಂಡಿದ್ದ ಜನರೇಟರಿನ ಲಾಗ್ ಪುಸ್ತಕವನ್ನು ದ್ರಾವಕದ ದಿನವಹಿಯ ಪಕ್ಕದಲ್ಲಿಟ್ಟು ನೋಡಿದಾಗ ಉತ್ತರ ಕಾಣಿಸಿತು. ಗಾಳಿಮಳೆಗೆ ವಿದ್ಯುತ್ ಕಡಿದು ಜನರೇಟರ್ ಓಡಿದ ದಿನಗಳಲ್ಲಿಯೇ ಕೊರತೆ ಹೆಚ್ಚಾಗಿತ್ತು.

ಕಾರ್ಖಾನೆಯೊಳಗೆ ಹೋಗಿ ವಿಚಾರಿಸಿದಾಗ ಪಾಳಿಯ ಆಪರೇಟರ್ ಸಂಕೋಚದಿಂದಲೇ ನಿಜವನ್ನು ಹೇಳಿದ: "ಕರೆಂಟು ಒಂದ್ಸಲ ಕಣ್ಣು ಮಿಟುಕಿದ್ರೆ ಮೀಟರ್ ಸತ್ತೋಯ್ತದೆ ಸಾರ್, ಸ್ಟೀಮು ಮುಚ್ಕತದೆ. ದಿನಕ್ಕೆ ಎಷ್ಟ್ ಸಲ ಮೊದ್ಲಿಂದ ಶುರು ಮಾಡನ?"

ಕಂಡೆನ್ಸರಿಗೆ ತಣ್ಣೀರು ಹರಿಯುತ್ತಿದೆಯೇ ಎಂದು ನೋಡುವ ಹರಿವು ಮಾಪಕವೊಂದು ಅಲ್ಲಿತ್ತು. ನೀರು ನಿಂತರೆ ಅಥವಾ ಮಾಪಕವೇ ಆರಿಹೋದರೆ ಉಗಿಯ ಕವಾಟ ತಾನಾಗಿ ಮುಚ್ಚಿಕೊಳ್ಳುವ ಏರ್ಪಾಡು. ಈ ಏರ್ಪಾಡು ಸರಿಯಾದದ್ದೇ. ಆದರೆ ವಿದ್ಯುತ್ತಿನ ಪ್ರತಿ ಮಿಟುಕಿಗೂ ಕೆಲಸ ನಿಲ್ಲುತ್ತಿದ್ದುದರಿಂದ ಬೇಸತ್ತ ಪಾಳಿಯವರು ಆ ರಕ್ಷಣಾ ಕೊಂಡಿಯ ಎರಡು ತುದಿಗಳಿಗೆ ಒಂದು ತುಂಡು ತಂತಿಯನ್ನು ಸೇರಿಸಿಬಿಟ್ಟಿದ್ದರು. ಅಂದಿನಿಂದ ಮಾಪಕ ಆರಿದರೂ ಉಗಿ ಹರಿಯುತ್ತಲೇ ಇತ್ತು. ವಿದ್ಯುತ್ ಹೋಗಿ, ನೀರಿನ ಪಂಪು ನಿಂತು, ಜನರೇಟರ್ ಹಿಡಿದುಕೊಳ್ಳುವವರೆಗೆ ತಣಿಯದ ಆವಿ ಗಾಳಿಗೊಡೆಯುವ ಕೊಳವೆಯಿಂದ ಹೊರಗೆ ಹೋಗುತ್ತಿತ್ತು. ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ನೆಲಕ್ಕಿಳಿದು ತಗ್ಗಿನಲ್ಲಿ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ಶೇ. 1.1ರಷ್ಟು ಬೆರೆತರೂ ಒಂದು ಕಿಡಿ ಸಾಕು. ನಾನು ದಾಸ್ತಾನಿನ ಕೊರತೆ ಎಂದು ಬರೆದುಕೊಂಡಿದ್ದ ಅಂಕಿಯ ಹಿಂದೆ ಹನ್ನೆರಡು ಮಂದಿ ಪಾಳಿ ಕೆಲಸಗಾರರು ನಿಂತಿದ್ದರು.

ಆಶ್ಚರ್ಯದ ಸಂಗತಿಯೆಂದರೆ, ಆ ಘಟಕದ ಸ್ಥಿರಾಸ್ತಿ ವಹಿಯಲ್ಲಿ ಮಾಪಕಗಳಿಗಾಗಿಯೇ ಕೊಂಡ ಎರಡು ಯುಪಿಎಸ್‌ಗಳಿದ್ದವು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಮಾಲೀಕರು ದುಡ್ಡು ಹಾಕಿದ್ದರು. ಹಾಗಿದ್ದೂ ಮಾಪಕ ಆರುತ್ತಿದ್ದುದೇಕೆ?

ಯಾವ ಮಾಪಕಕ್ಕೆ ಯಾವ ವಿದ್ಯುತ್

ಒತ್ತಡ ಮತ್ತು ಉಷ್ಣತೆಯನ್ನು ಅಳೆಯುವ ಬಹುತೇಕ ಮಾಪಕಗಳು ಎರಡೇ ತಂತಿಗಳ ಮೇಲೆ ನಡೆಯುತ್ತವೆ. ನಿಯಂತ್ರಣ ಪ್ಯಾನೆಲ್‌ನಿಂದ 24 ವೋಲ್ಟ್ ಡಿ.ಸಿ. ಹೋಗುತ್ತದೆ, ಅದೇ ತಂತಿಗಳ ಮೂಲಕ 4ರಿಂದ 20 ಮಿಲಿ ಆಂಪಿಯರ್ ಸಂಕೇತ ಹಿಂದಿರುಗುತ್ತದೆ. ಇವುಗಳ ಚಿಂತೆ ಕಡಿಮೆ. ಹೆಚ್ಚು ವಿದ್ಯುತ್ ಬೇಡುವ ಕಾಂತೀಯ ಹರಿವು ಮಾಪಕ, ದ್ರವ್ಯರಾಶಿ ಹರಿವು ಮಾಪಕ, ಅನಿಲ ವಿಶ್ಲೇಷಕ, ಕೆಲವು ಮಟ್ಟ ಮಾಪಕಗಳು, ನಿಯಂತ್ರಕಗಳು ಮತ್ತು ಕವಾಟ ತೆರೆಯುವ ಸೊಲೆನಾಯ್ಡ್ ಸುರುಳಿಗಳು ಪ್ರತ್ಯೇಕ ಪೂರೈಕೆಯನ್ನು ಕೇಳುತ್ತವೆ. ನಮ್ಮ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಅದು ಸಾಮಾನ್ಯವಾಗಿ 230 ವೋಲ್ಟ್ ಎ.ಸಿ. ಆಗಿರುತ್ತದೆ, ಕೊಳ್ಳುವಾಗ ಯಾರೂ ಬೇರೆಯದನ್ನು ಕೇಳಿರುವುದಿಲ್ಲವಾದ್ದರಿಂದ. ಇಂತಹ ಮಾಪಕಕ್ಕೆ ವಿದ್ಯುತ್ ಪ್ರವೇಶದ ಬಾಗಿಲು ಒಂದೇ.

ನಮ್ಮ ವಿದ್ಯುತ್ತಿನ ಆವರ್ತನೆ ಸೆಕೆಂಡಿಗೆ 50. ಒಂದು ಆವರ್ತನೆಗೆ 20 ಮಿಲಿ ಸೆಕೆಂಡು. ಸಾಮಾನ್ಯ ಮಾಪಕ ಹೆಚ್ಚೆಂದರೆ ಇಷ್ಟು ಹೊತ್ತಿನ ಕಡಿತವನ್ನು ತನ್ನೊಳಗಿನ ಸಂಗ್ರಹದಿಂದ ತಾಳಿಕೊಂಡೀತು. ಜನರೇಟರ್ ತಾನಾಗಿ ಹೊತ್ತಿಕೊಳ್ಳುವ ಮಾದರಿಯದಾದರೂ ಹತ್ತು ಹದಿನೈದು ಸೆಕೆಂಡು ಬೇಕು. ಇವೆರಡರ ನಡುವಿನ ಕಂದಕವನ್ನು ದಾಟಿಸಲೆಂದೇ ಯುಪಿಎಸ್. ಮಾಪಕ ಒಮ್ಮೆ ಆರಿದರೆ ಮತ್ತೆ ಸರಿಯಾದ ಅಂಕಿ ತೋರಿಸಲು ಹರಿವು ಮಾಪಕಕ್ಕೆ ಕೆಲವು ಸೆಕೆಂಡುಗಳು ಸಾಕಾಗಬಹುದು. ಬಿಸಿಯಾಗಬೇಕಾದ ವಿಶ್ಲೇಷಕಕ್ಕೆ ಅರ್ಧ ಗಂಟೆಗೂ ಮಿಗಿಲಾಗಿ ಹಿಡಿಯುವುದುಂಟು.

ಎರಡನ್ನು ಕೂಡಿಸುವ ಕಷ್ಟ

ಡಿ.ಸಿ.ಯಲ್ಲಿ ಜೋಡಿ ಪೂರೈಕೆ ಬಹಳ ಸುಲಭ. ಎರಡು ತೊಟ್ಟಿಗಳಿಂದ ಒಂದೇ ಕೊಳವೆಗೆ ನೀರು ಬಿಟ್ಟು, ಒಂದೊಂದಕ್ಕೂ ಹಿಂದೆ ಹರಿಯದ ಕವಾಟ ಹಾಕಿದಂತೆ. ಎರಡು 24 ವೋಲ್ಟ್ ಪೂರೈಕೆಗಳನ್ನು ಡಯೋಡುಗಳ ಮೂಲಕ ಸೇರಿಸಿದರೆ ಒಂದು ಸತ್ತ ಕ್ಷಣವೇ ಇನ್ನೊಂದು ಭಾರ ಹೊರುತ್ತದೆ. ನಡುವೆ ವಿರಾಮವೇ ಇಲ್ಲ.

ಎ.ಸಿ.ಯಲ್ಲಿ ಹೀಗೆ ಸಾಧ್ಯವಿಲ್ಲ. ಅದು ಇಬ್ಬರು ಕೂಡಿ ರಾಗಿಕಲ್ಲು ಬೀಸಿದಂತೆ. ಇಬ್ಬರ ಕೈಯೂ ಒಂದೇ ಲಯದಲ್ಲಿ ತಿರುಗಬೇಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ತಳ್ಳಿದರೆ ಗೂಟ ಮುರಿಯುತ್ತದೆ. ಸ್ವತಂತ್ರವಾಗಿ ನಡೆಯುವ ಎರಡು ಯುಪಿಎಸ್‌ಗಳ ಹೊರತಂತಿಗಳನ್ನು ನೇರವಾಗಿ ಕೂಡಿಸುವುದು ಅನಾಹುತಕ್ಕೆ ದಾರಿ. ಆದ್ದರಿಂದ ಒಂದೋ, ಪರಸ್ಪರ ಲಯ ಕೂಡಿಸಿಕೊಂಡು ಸಮಾನಾಂತರವಾಗಿ ನಡೆಯಲೆಂದೇ ತಯಾರಾದ ಯುಪಿಎಸ್ ಜೋಡಿಯನ್ನು ಕೊಳ್ಳಬೇಕು. ಇಲ್ಲವೇ ಎರಡರ ನಡುವೆ ತಾನಾಗಿ ಬದಲಾಯಿಸುವ ಸ್ವಿಚ್ಚನ್ನು ಇಡಬೇಕು. ಈ ಸ್ವಿಚ್ಚಿನಲ್ಲಿ ಎರಡು ಬಗೆ. ಕಾಂಟ್ಯಾಕ್ಟರ್ ಹೊಡೆದು ಬದಲಾಗುವ ಅಗ್ಗದ ಬಗೆಗೆ 50ರಿಂದ 100 ಮಿಲಿ ಸೆಕೆಂಡು ಬೇಕಾಗಬಹುದು. ಅಂದರೆ ದೀಪ, ಪಂಪುಗಳಿಗೆ ಅದು ಸಾಕಾದರೂ ಮಾಪಕಗಳು ಅಷ್ಟರಲ್ಲಿ ಆರಿರುತ್ತವೆ. ಚಲಿಸುವ ಭಾಗಗಳಿಲ್ಲದ ಸ್ಟ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್ಚು, ಎರಡೂ ಮೂಲಗಳು ಲಯದಲ್ಲಿದ್ದರೆ, 10 ಮಿಲಿ ಸೆಕೆಂಡಿನೊಳಗೆ ಕೆಲಸ ಮುಗಿಸುತ್ತದೆ. ಬೆಲೆ ಹೆಚ್ಚು. "ಆಟೋ ಚೇಂಜ್‌ಓವರ್" ಎಂಬ ಒಂದೇ ಹೆಸರಿನಡಿ ಈ ಎರಡಕ್ಕೂ ಕೊಟೇಶನ್ ಬರುತ್ತದಾದ್ದರಿಂದ, ಮಿಲಿ ಸೆಕೆಂಡಿನ ಅಂಕಿಯನ್ನು ಖರೀದಿ ಆದೇಶದಲ್ಲಿಯೇ ಬರೆಯಿಸುವುದು ಲೇಸು.

ಯಾವ ಬಗೆಯದಾದರೂ ಸ್ವಿಚ್ಚು ಬದಲಾಯಿಸುವಾಗ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಾಯಿಸಬೇಕು. ಎರಡು ಯುಪಿಎಸ್‌ಗಳ ನ್ಯೂಟ್ರಲ್‌ಗಳನ್ನು ಒಟ್ಟುಗೂಡಿಸಿ ಬಿಡುವ ಅಭ್ಯಾಸ ನಮ್ಮ ವೈರಿಂಗ್‌ನವರಲ್ಲಿದೆ. ಅದರಿಂದ ಸೋರಿಕೆ ರಕ್ಷಕಗಳು ಕಾರಣವಿಲ್ಲದೆ ಬೀಳುತ್ತವೆ. ಹೆಕ್ಸೇನ್‌ನಂತಹ ದ್ರಾವಕವಿರುವಲ್ಲಿ ಇನ್ನೊಂದು ಎಚ್ಚರ ಬೇಕು: ಯುಪಿಎಸ್, ಬ್ಯಾಟರಿ ಮತ್ತು ಈ ಸ್ವಿಚ್ಚು ದ್ರಾವಕದ ಸಭಾಂಗಣದ ಹೊರಗೆ, ಸುರಕ್ಷಿತ ವಲಯದಲ್ಲಿಯೇ ಇರಬೇಕು. ಒಳಗೆ ಇಡಬೇಕಾದ ಮಾಪಕಗಳು ಐ.ಎಸ್./ಐ.ಇ.ಸಿ. 60079 ಮಾನಕಕ್ಕೆ ಒಪ್ಪಿದವಾಗಿರಬೇಕು.

ದಾರಿಗಳು ಕೂಡುವ ಜಾಗ

ಈಗ ಆ ಘಟಕದ ಎರಡು ಯುಪಿಎಸ್‌ಗಳ ಕಥೆಗೆ ಬರೋಣ. ನನ್ನೊಡನೆ ಬಂದಿದ್ದ ಪರಿಚಯದ ಎಂಜಿನಿಯರೊಬ್ಬರು ನಕ್ಷೆಯನ್ನು ಕೇಳದೆ, ಹರಿವು ಮಾಪಕದ ತಂತಿಯನ್ನೇ ಹಿಡಿದು ಹಿಂದಕ್ಕೆ ನಡೆದರು. ಲೆಕ್ಕಪರಿಶೋಧಕ ಖಾತೆಯ ಅಂಕಿಯಿಂದ ವೋಚರಿಗೂ, ವೋಚರಿನಿಂದ ಮೂಲ ಬಿಲ್ಲಿಗೂ ಹಿಂದೆ ಹೋಗುವ ಕ್ರಮವೇ ಅದು. ನನಗೆ ಬಹಳ ಹಿಡಿಸಿತು.

ಮಾಪಕದ ತಂತಿ ಒಂದು ವಿತರಣಾ ಪೆಟ್ಟಿಗೆಗೆ ಬಂತು. ಅಲ್ಲಿ ಹನ್ನೊಂದು ಮಾಪಕ, ಸುರುಳಿಗಳಿಗೆ ಸೇರಿ ಒಂದೇ ಎಂ.ಸಿ.ಬಿ. ಅಲ್ಲಿಂದ ಕೈಯಿಂದ ತಿರುಗಿಸುವ ಒಂದು ಸ್ವಿಚ್ಚು. ಒಂದು ಯುಪಿಎಸ್ ಕೆಟ್ಟರೆ ಯಾರಾದರೂ ಓಡಿಹೋಗಿ ತಿರುಗಿಸಬೇಕು. ಮೊದಲ ಯುಪಿಎಸ್ ಹಸಿರು ದೀಪ ತೋರಿಸುತ್ತಿತ್ತು. ಆದರೆ ತಗಡಿನ ಮಾಡಿನ ಕೋಣೆಯಲ್ಲಿ ನಾಲ್ಕು ವರ್ಷ ಬೆಂದ ಅದರ ಬ್ಯಾಟರಿಗಳಲ್ಲಿ ಸತ್ವವಿರಲಿಲ್ಲ. ಹೊರಗಿನ ವಿದ್ಯುತ್ ಇರುವಷ್ಟು ಹೊತ್ತು ಮಾತ್ರ ಅದಕ್ಕೆ ಜೀವ. ಎರಡನೆಯದನ್ನು "ಸವೆಯದಿರಲಿ" ಎಂದು ಆರಿಸಿಟ್ಟಿದ್ದರು. ಚಾರ್ಜ್ ಆಗದೆ ಅದರ ಬ್ಯಾಟರಿಯೂ ಬರಿದಾಗಿತ್ತು. ಎರಡರ ಒಳತಂತಿಗಳೂ ಒಂದೇ ಎಂ.ಸಿ.ಬಿ.ಯಿಂದ ಹೊರಟಿದ್ದವು. ಒಂದು ಸಾಲಿನಲ್ಲಿ ಹೇಳುವುದಾದರೆ ವಹಿಯಲ್ಲಿ ಎರಡು, ನೆಲದ ಮೇಲೆ ಸೊನ್ನೆ.

ಮಾಲೀಕರು ಕೂಡಲೇ ಹೊಸ ಬ್ಯಾಟರಿಗಳನ್ನೂ ಸ್ಟ್ಯಾಟಿಕ್ ಸ್ವಿಚ್ಚನ್ನೂ ಹಾಕಿಸಿದರು, ಎರಡು ಯುಪಿಎಸ್‌ಗಳಿಗೆ ಬೇರೆ ಬೇರೆ ಬೋರ್ಡುಗಳಿಂದ ತಂತಿ ಎಳೆಸಿದರು. ಎಲ್ಲ ಸರಿಹೋಯಿತೆಂದು ತಿಳಿದಿದ್ದಾಗ ಮೊದಲ ಮಳೆಯಲ್ಲಿಯೇ ಎಲ್ಲ ಮಾಪಕಗಳೂ ಮತ್ತೆ ಒಟ್ಟಿಗೆ ಆರಿದವು. ಹೊರಗಿನ ಜಂಕ್ಷನ್ ಪೆಟ್ಟಿಗೆಯೊಂದಕ್ಕೆ ನೀರು ಇಳಿದು ಒಂದು ಸೊಲೆನಾಯ್ಡ್‌ನ ತಂತಿ ಶಾರ್ಟ್ ಆಗಿತ್ತು. ಮೊದಲ ಯುಪಿಎಸ್ ಭಾರ ತಾಳದೆ ಕುಸಿಯಿತು, ಸ್ವಿಚ್ಚು ನಿಷ್ಠೆಯಿಂದ ಅದೇ ದೋಷವನ್ನು ಎರಡನೆಯ ಯುಪಿಎಸ್‌ಗೆ ಒಪ್ಪಿಸಿತು, ಅದೂ ಕುಸಿಯಿತು. ದೋಷ ಮೂಲದ ಕಡೆಗಿದ್ದರೆ ಮಾತ್ರ ಜೋಡಿ ಪೂರೈಕೆ ಕಾಪಾಡುತ್ತದೆ. ದೋಷ ಮಾಪಕದ ಕಡೆಗಿದ್ದರೆ ಕಾಪಾಡುವುದು ಪ್ರತಿ ಮಾಪಕಕ್ಕೂ ಪ್ರತ್ಯೇಕವಾಗಿ ಹಾಕಿದ, ಬೇಗ ಉರಿದುಹೋಗುವ ಸಣ್ಣ ಫ್ಯೂಸು. ಯುಪಿಎಸ್ ಶಾರ್ಟ್ ಸರ್ಕ್ಯೂಟಿಗೆ ಹೆಚ್ಚು ಪ್ರವಾಹ ಕೊಡಲಾರದಾದ್ದರಿಂದ ದೊಡ್ಡ ಎಂ.ಸಿ.ಬಿ. ಬೀಳುವ ಮೊದಲೇ ಅದು ತಾನೇ ಕುಸಿಯುತ್ತದೆ. ಹನ್ನೊಂದು ಫ್ಯೂಸುಗಳ ಬೆಲೆ, ಅವುಗಳ ಹಿಡಿಕೆಗಳನ್ನೂ ಸೇರಿಸಿ, ಒಂದು ಬ್ಯಾಟರಿಯ ಬೆಲೆಗಿಂತ ಕಡಿಮೆ ಬಂತು.

ಎಂಜಿನಿಯರರು ಮಾಡಿಸಿದ ಇನ್ನೊಂದು ಬದಲಾವಣೆಗೆ ಖರ್ಚೇ ಇರಲಿಲ್ಲ. ಕಂಡೆನ್ಸರಿನ ನೀರಿನ ಹರಿವು ಮಾಪಕವೂ, ಅದೇ ನೀರಿನ ಹೊರಹೋಗುವ ಉಷ್ಣತೆಯ ಮಾಪಕವೂ ಒಂದೇ ಪೆಟ್ಟಿಗೆಯಿಂದ ನಡೆಯುತ್ತಿದ್ದವು. ಒಂದನ್ನು ಸ್ವಿಚ್ಚಿನ ಬದಿಗೆ ಉಳಿಸಿ, ಇನ್ನೊಂದನ್ನು ಎರಡನೆಯ ಯುಪಿಎಸ್‌ಗೆ ನೇರವಾಗಿ ಕೊಟ್ಟರು. ಏಕೆಂದರೆ ಸ್ವಿಚ್ಚು ಕೂಡ ಒಂದು ಯಂತ್ರವೇ. ಅದು ಕೆಟ್ಟಾಗಲೂ ಕುರುಡಾಗದಂತೆ ಒಂದು ಕಣ್ಣು ಉಳಿಯಬೇಕು. ರಕ್ಷಣಾ ಕೊಂಡಿಗೆ ಸೇರಿಸಿದ್ದ ತುಂಡು ತಂತಿಯನ್ನು ಆ ದಿನವೇ ಕಿತ್ತುಹಾಕಲಾಯಿತು. ಜೋಡಿ ಪೂರೈಕೆ ಇದೆಯೆಂದು, ವಿದ್ಯುತ್ ಹೋದರೆ ಉಗಿ ಮುಚ್ಚುವ ಏರ್ಪಾಡನ್ನು ತೆಗೆಯುವಂತಿಲ್ಲ. ಅದು ಅನವಶ್ಯಕವಾಗಿ ಬೀಳದಂತೆ ನೋಡಿಕೊಳ್ಳುವುದಷ್ಟೇ ಜೋಡಿ ಪೂರೈಕೆಯ ಕೆಲಸ.

ಹೊರಗಿನ ಪೂರೈಕೆಯ ವಿಷಯದಲ್ಲಿಯೂ ಇದೇ ಎಚ್ಚರ. ಎರಡು 11 ಕೆ.ವಿ. ಫೀಡರ್‌ಗಳಿಂದ ಸಂಪರ್ಕ ಪಡೆದವರು ನಿಶ್ಚಿಂತರಾಗಿರುತ್ತಾರೆ. ಎರಡೂ ಒಂದೇ ಉಪಕೇಂದ್ರದಿಂದ ಹೊರಟಿದ್ದರೆ ಕಂಬ ಮುರಿದಾಗ ಮಾತ್ರ ಉಪಯೋಗ, ಉಪಕೇಂದ್ರ ನಿಂತಾಗ ಇಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದಾಗ ದಕ್ಷಿಣದ ನಾವು ಪಾರಾದದ್ದು ನಮ್ಮ ಜಾಲ ಆಗ ಪ್ರತ್ಯೇಕ ಲಯದಲ್ಲಿ ನಡೆಯುತ್ತಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವೂ ಆ ಜಾಲಕ್ಕೆ ಸೇರಿತು. ಲಾಭ ಬಹಳ ಆಗಿದೆ, ಸಂದೇಹವಿಲ್ಲ. ಆದರೆ ಹೊರಗಿನಿಂದ ಬರುವ ಎರಡು ತಂತಿಗಳು ದೂರದಲ್ಲೆಲ್ಲೋ ಒಂದಾಗಿಯೇ ಇರುತ್ತವೆ. ನಿಜವಾದ ಎರಡನೆಯ ಮೂಲವೆಂದರೆ ನಮ್ಮ ಆವರಣದೊಳಗಿನ ಬ್ಯಾಟರಿ ಮತ್ತು ಜನರೇಟರ್.

ಬ್ಯಾಟರಿಯ ಲೆಕ್ಕ

ಮಾಪಕಗಳ ಒಟ್ಟು ಭಾರ 600 ವಾಟ್, ಅರ್ಧ ಗಂಟೆಯ ಆಸರೆ ಬೇಕು ಎಂದಿಟ್ಟುಕೊಳ್ಳೋಣ. ಬೇಕಾದದ್ದು 300 ವಾಟ್-ಗಂಟೆ. ಯುಪಿಎಸ್‌ನ ದಕ್ಷತೆ ಶೇ. 80 ಎಂದರೆ 375. ಸೀಸದ ಬ್ಯಾಟರಿಯನ್ನು ಅರ್ಧ ಗಂಟೆಯಲ್ಲಿ ಬರಿದು ಮಾಡಿದರೆ ಅದು ತನ್ನ ಮೇಲೆ ಬರೆದಿರುವ ಸಾಮರ್ಥ್ಯದ ಸುಮಾರು ಶೇ. 60ನ್ನಷ್ಟೇ ಕೊಡುತ್ತದೆಂದು ಹಿಡಿದರೆ 625. ವಯಸ್ಸಾದಂತೆ ಶೇ. 80ಕ್ಕೆ ಇಳಿಯುವುದನ್ನು ಸೇರಿಸಿದರೆ ಸುಮಾರು 780 ವಾಟ್-ಗಂಟೆ. ಮೂರು 12 ವೋಲ್ಟ್ ಬ್ಯಾಟರಿಗಳ ಸರಣಿಗೆ ಇದು ಸುಮಾರು 22 ಆಂಪಿಯರ್-ಗಂಟೆ. ಅಂಗಡಿಯಲ್ಲಿ ಸಿಗುವುದು 26. 300ಕ್ಕೆ 300 ಎಂದು ಎಣಿಸಿ ಕೊಂಡವರ ಬ್ಯಾಟರಿ ಹತ್ತು ನಿಮಿಷಕ್ಕೆ ಮುಗಿಯುವುದು ಇದೇ ಕಾರಣಕ್ಕೆ. ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿಗೆ ಹೇಳಿರುತ್ತಾರೆ. ಅದಕ್ಕಿಂತ ಪ್ರತಿ 10 ಡಿಗ್ರಿ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ. ತಗಡಿನ ಮಾಡಿನ ಕೆಳಗಿನ ಕೋಣೆಗೆ ಒಂದು ಸುಣ್ಣದ ಲೇಪ ಮತ್ತು ಗಾಳಿಕಿಂಡಿ ಇಲ್ಲಿ ಬಂಡವಾಳವೇ ಸರಿ.

ವೆಚ್ಚ ಮತ್ತು ವಹಿ

ಎಲ್ಲರಿಗೂ ಇದು ಬೇಕೇ? ಗ್ರಾನೈಟ್ ಕೊಯ್ಯುವ ಘಟಕಕ್ಕೆ ಬೇಡ. ಗರಗಸ ನಿಂತರೆ ಕಲ್ಲು ಕಾಯುತ್ತದೆ. ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿಗೂ ಬೇಡ. ಹಾಲು ಶೀತಲೀಕರಣ ಕೇಂದ್ರದಲ್ಲಿ ಜನರೇಟರೇ ಮುಖ್ಯ. ಉಷ್ಣತೆ ದಾಖಲಿಸುವ ಮಾಪಕಕ್ಕೆ ಒಂದು ಒಳ್ಳೆಯ ಯುಪಿಎಸ್ ಸಾಕು. ದ್ರಾವಕ, ಬಾಯ್ಲರ್, ನಿರಂತರ ಪಾಕ, ಇವಿರುವಲ್ಲಿ ಮಾತ್ರ ಜೋಡಿಯ ಪ್ರಶ್ನೆ ಬರುತ್ತದೆ.

ಒಂದು ಕಲ್ಪಿತ ಲೆಕ್ಕ ನೋಡೋಣ. ಎರಡನೆಯ ಯುಪಿಎಸ್, ಸ್ವಿಚ್ಚು, ಪ್ರತ್ಯೇಕ ತಂತಿ, ಫ್ಯೂಸು ಎಲ್ಲ ಸೇರಿ ರೂ. 1,80,000, ಒಂಬತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 20,000. ಎರಡು ಸೆಟ್ ಬ್ಯಾಟರಿ ರೂ. 48,000, ಮೂರು ವರ್ಷಕ್ಕೊಮ್ಮೆ, ವರ್ಷಕ್ಕೆ 16,000. ನಿರ್ವಹಣಾ ಒಪ್ಪಂದ 12,000. ಸರಾಸರಿ ಬಂಡವಾಳದ ಮೇಲೆ ಶೇ. 10ರ ಬಡ್ಡಿ 9,000. ಒಟ್ಟು ವರ್ಷಕ್ಕೆ ರೂ. 57,000. ಒಂದು ನಿಲುಗಡೆಯಿಂದ ಹಾಳಾಗುವ ಪಾಕ, ದ್ರಾವಕ, ಉಗಿ, ಕೂಲಿ ಸೇರಿ ರೂ. 40,000 ಎಂದರೆ, ವರ್ಷಕ್ಕೆ ಒಂದೂವರೆ ನಿಲುಗಡೆ ತಪ್ಪಿದರೂ ಖರ್ಚು ಹುಟ್ಟುತ್ತದೆ. ನಿಮ್ಮ ನಿಲುಗಡೆಯ ನಿಜವಾದ ಬೆಲೆ ಎಷ್ಟೆಂಬುದನ್ನು ಜನರೇಟರಿನ ಲಾಗ್ ಮತ್ತು ದಾಸ್ತಾನು ವಹಿಯನ್ನು ಒಟ್ಟಿಗಿಟ್ಟು ನೀವೇ ತೆಗೆಯಬಹುದು. ಬಹುಮಂದಿ ಈ ಎರಡನ್ನೂ ಬರೆಯುತ್ತಾರೆ, ಒಟ್ಟಿಗೆ ನೋಡುವುದಿಲ್ಲ. ಕೆಲಸಗಾರರ ಜೀವದ ಅಪಾಯವನ್ನು ಈ ಲೆಕ್ಕದಲ್ಲಿ ನಾನು ಸೇರಿಸಿಲ್ಲ. ದ್ರಾವಕ ಇರುವವರು ಇಡೀ ಲೆಕ್ಕವನ್ನು ಬದಿಗಿಟ್ಟೇ ತೀರ್ಮಾನಿಸಬೇಕು.

ಹೊಸ ಘಟಕ ಕಟ್ಟುವವರಿಗೆ ನನ್ನ ಎಂಜಿನಿಯರ್ ಮಿತ್ರರ ಸಲಹೆ ಇನ್ನೂ ಸರಳ: ಸಾಧ್ಯವಿರುವ ಮಾಪಕಗಳನ್ನೆಲ್ಲ 24 ವೋಲ್ಟ್ ಡಿ.ಸಿ. ಮಾದರಿಯಲ್ಲಿಯೇ ಕೇಳಿ ಕೊಳ್ಳಿರಿ. ಆಗ ಎರಡು ಸಣ್ಣ ಪೂರೈಕೆಗಳು ಮತ್ತು ಒಂದು ಡಯೋಡ್ ಘಟಕದಲ್ಲಿ ಕೆಲಸ ಮುಗಿಯುತ್ತದೆ. ಎ.ಸಿ. ಇಲ್ಲದೆ ನಡೆಯದ ಒಂದೆರಡಕ್ಕೆ ಮಾತ್ರ ದುಬಾರಿ ಸ್ವಿಚ್ಚು.

ವಹಿಯ ವಿಷಯದಲ್ಲಿ ಕೆಲವು ಮಾತು. ಯುಪಿಎಸ್‌ನ ಬಿಲ್ಲಿನಲ್ಲಿರುವ ಜಿ.ಎಸ್.ಟಿ.ಯನ್ನು ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆದವರು ಅದೇ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಕೇಳುವಂತಿಲ್ಲ, ಎರಡರಲ್ಲೊಂದು. ಪ್ರೈವೇಟ್ ಲಿಮಿಟೆಡ್ ಕಂಪನಿಗಳು 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ, ಯಂತ್ರದ ಮಹತ್ವದ ಭಾಗಕ್ಕೆ ಬೇರೆ ಆಯುಷ್ಯವಿದ್ದರೆ ಅದನ್ನು ಪ್ರತ್ಯೇಕವಾಗಿ ಎಣಿಸಬೇಕು. ಬ್ಯಾಟರಿಯ ಬೆಲೆ ಗಣನೀಯವಾಗಿದ್ದರೆ ಅದು ಇಂತಹ ಭಾಗ. ಹೀಗೆ ಬೇರೆ ಬರೆದರೆ ಇನ್ನೊಂದು ಅನುಕೂಲವಿದೆ: ಆಯುಷ್ಯ ಮುಗಿದ ಬ್ಯಾಟರಿ ವಹಿಯಲ್ಲಿಯೇ ಕೂಗಿ ಹೇಳುತ್ತದೆ. ಮೇಲೆ ಹೇಳಿದ ಘಟಕದಲ್ಲಿ ಯುಪಿಎಸ್ ಮತ್ತು ಬ್ಯಾಟರಿ ಒಂದೇ ಸಾಲಿನಲ್ಲಿದ್ದುದರಿಂದ ನನಗೂ ನಾಲ್ಕು ವರ್ಷ ಅದು ಕಾಣಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಹಳೆಯ ಬ್ಯಾಟರಿಯ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಳೆದು ನಿವ್ವಳ ಮೊತ್ತ ಬರೆಯುವ ಪದ್ಧತಿ ಬೇಡ. ಹಳೆಯದರ ಮಾರಾಟವನ್ನು ಬೇರೆ ತೋರಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಸಂಗ್ರಹಣೆ ಅಥವಾ ಮರುಬಳಕೆಯ ಕಾರ್ಯದಲ್ಲಿ ತೊಡಗಿರುವ ಸಂಸ್ಥೆಗೇ ಒಪ್ಪಿಸಬೇಕು, ಗುಜರಿಯವನ ತಳ್ಳುಗಾಡಿಗಲ್ಲ.

ಈಗ ಆ ಘಟಕದಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ, ದ್ರಾವಕ ಹರಿಯದ ವೇಳೆಯಲ್ಲಿ, ಒಂದು ಯುಪಿಎಸ್‌ನ ಒಳತಂತಿಯ ಸ್ವಿಚ್ಚನ್ನು ಬೇಕೆಂದೇ ಕೆಳಗೆಳೆಯುತ್ತಾರೆ. ಅರ್ಧ ಗಂಟೆ ಬ್ಯಾಟರಿಯ ಮೇಲೆ ನಡೆಸಿ, ಬಳಿಕ ಅದನ್ನು ಪೂರ್ತಿ ಆರಿಸಿ ಭಾರ ಇನ್ನೊಂದಕ್ಕೆ ಹೋಗುವುದನ್ನು ನೋಡಿ, ಸಮಯ ಮತ್ತು ಬ್ಯಾಟರಿಯ ವೋಲ್ಟೇಜನ್ನು ಜನರೇಟರಿನ ಲಾಗ್ ಪುಸ್ತಕದಲ್ಲಿಯೇ ಬರೆದು ಸಹಿ ಮಾಡುತ್ತಾರೆ. ಮುಂದಿನ ತಿಂಗಳು ಎರಡನೆಯದರ ಸರದಿ. ಕಳೆದ ಬಾರಿ ನಾನು ಹೋದಾಗ ಆ ಪುಟಗಳಲ್ಲಿ ಎರಡು ತಿಂಗಳ ಸಹಿ ಇರಲಿಲ್ಲ. ಕೇಳಿದಾಗ, ಆರ್ಡರಿನ ಒತ್ತಡದಲ್ಲಿ ಬಿಟ್ಟುಹೋಯಿತೆಂದರು. ನನ್ನ ಟಿಪ್ಪಣಿಯಲ್ಲಿ ಅದನ್ನು ದಾಸ್ತಾನಿನ ಕೊರತೆಗಿಂತ ಮೇಲಿನ ಸಾಲಿನಲ್ಲಿ ಬರೆದಿದ್ದೇನೆ.